ಲಂಗರು ಎಲ್ಲಿ ಬಿದ್ದಿತ್ತು

ನಮ್ಮ ಬೀದಿಯ ಹುಡುಗರಿಗೆ ನಾನು ಹಡಗಿನ ತಾತ. ಮಹದೇವಪುರದ ಒಳಗಡೆ, ಪಿ.ಜಿ. ಕಟ್ಟಡಗಳ ನಡುವೆ ಸಿಕ್ಕಿಹಾಕಿಕೊಂಡ ಹಳೇ ಮನೆ ನಮ್ಮದು. ಊರ ಕೆರೆಯಲ್ಲಿ ಈಜು ಕಲಿತು, ಸಮುದ್ರವನ್ನು ಕಣ್ಣಲ್ಲೂ ನೋಡದೆ ಸೇನೆ ಸೇರಿದವನು ನಾನು. ಈಗ ಆ ಕೆರೆಯಲ್ಲಿ ಈಜುವುದಿರಲಿ, ಏರಿಯ ಮೇಲೆ ಮೂಗು ಮುಚ್ಚಿಕೊಳ್ಳದೆ ನಿಲ್ಲಲೂ ಆಗುವುದಿಲ್ಲ. ಹುಡುಗರು ಬಂದು, "ತಾತ, ಮಿಲಿಟ್ರೀಲಿ ಹಡಗು ಓಡಿಸ್ತಿದ್ರಂತಲ್ಲ, ಯುದ್ಧದ ಕತೆ ಹೇಳಿ" ಅನ್ನುತ್ತಾರೆ. "ಹಡಗಲ್ಲ ಕಣ್ರಪ್ಪಾ, ಬೋಟು. ಯುದ್ಧ ಅಲ್ಲ, ಅಕ್ಕಿ ಮೂಟೆ" ಅಂದರೆ ಅವರ ಮುಖ ಸಣ್ಣದಾಗುತ್ತದೆ.

ಆದರೂ ಇಬ್ಬರು ಮೂವರು ಈ ಕೆಲಸಕ್ಕೆ ಹೋಗುವವರಿದ್ದಾರೆ. ವೈಟ್‌ಫೀಲ್ಡಿನಲ್ಲಿ ಕೂತು ಪರದೆಯ ಮೇಲೆ ಬೋಟು ತೇಲಿಸುವ ಮಕ್ಕಳೂ ಇದ್ದಾರೆ. ಇದು ಅವರಿಗಾಗಿ ಬರೆದದ್ದು. ನನಗೆ ಯಾವಾಗ ಬಡ್ತಿ ಸಿಕ್ಕಿತು, ಯಾರು ಶಾಲು ಹೊದಿಸಿದರು ಎಂಬುದು ಇದರಲ್ಲಿಲ್ಲ.

ಕೆಲಸ ಏನೆಂದು ಮೊದಲು ಹೇಳುತ್ತೇನೆ. ದೊಡ್ಡ ಹಡಗು ದಡಕ್ಕೆ ಬರಲಾರದು, ತಳ ತಾಗುತ್ತದೆ. ಬಂದರಿಲ್ಲದ ಕಡೆ ಅದು ದೂರದಲ್ಲೇ ನಿಲ್ಲುತ್ತದೆ. ಅಲ್ಲಿಂದ ಲಾರಿ, ಡೀಸೆಲ್ ಡ್ರಮ್ಮು, ಸಿಮೆಂಟು, ಬೇಳೆ, ಡೇರೆ ಎಲ್ಲವನ್ನೂ ನಮ್ಮ ಚಪ್ಪಟೆ ತಳದ ಬೋಟಿಗೆ ಇಳಿಸುತ್ತಾರೆ. ನಾವು ಅದನ್ನು ನೇರ ಮರಳಿಗೆ ನುಗ್ಗಿಸಬೇಕು. ಬೋಟಿನ ಮೂತಿಯೇ ಬಾಗಿಲು. ಅದನ್ನು ಕೆಳಗೆ ಬಿಟ್ಟರೆ ಸೇತುವೆಯಾಗಿ ಲಾರಿಗಳು ಇಳಿದು ಹೋಗುತ್ತವೆ. ಆಮೇಲೆ ಬಾಗಿಲೆತ್ತಿ ವಾಪಸ್ಸು. ಟೆಂಪೋದವನ ಕೆಲಸವೇ, ರಸ್ತೆ ಮಾತ್ರ ನಿಂತಲ್ಲಿ ನಿಲ್ಲುವುದಿಲ್ಲ.

ನನಗೆ ಕಲಿಸಿದ ಉಸ್ತಾದ್ ಕಾರವಾರದ ಕಡೆಯವರು. ಬೈಗುಳದಲ್ಲೂ "ಮಾರಾಯ" ಬಿಡುತ್ತಿರಲಿಲ್ಲ. ಮೊದಲ ದಿನವೇ ಹೇಳಿದರು: "ನೀನು ಅಭಿಮನ್ಯು ಆಗ್ಬೇಡ ಮಾರಾಯ. ಒಳಗೆ ಹೋಗೋದು ಯಾರಿಗೂ ಬರ್ತದೆ. ಹೊರಗೆ ಬರೋದನ್ನ ಮೊದಲು ನೋಡ್ಕೋ."

ಹೊರಗೆ ಬರುವ ದಾರಿಯೆಂದರೆ ಹಿಂದಿನ ಲಂಗರು. ದಡ ಇನ್ನೂ ಬಹಳ ದೂರ ಇರುವಾಗಲೇ ಬೋಟಿನ ಹಿಂಭಾಗದಿಂದ ಲಂಗರು ಬಿಡಬೇಕು. ಅದಕ್ಕೆ ಕಟ್ಟಿದ ಉಕ್ಕಿನ ಹಗ್ಗವನ್ನು ವಿಂಚು ಎಂಬ ರಾಟೆ ಯಂತ್ರದಿಂದ ಸಡಿಲಿಸುತ್ತಾ ನಿಧಾನಕ್ಕೆ ದಡಕ್ಕೆ ಹೋಗಬೇಕು. ಸಾಮಾನು ಇಳಿಸುವಷ್ಟು ಹೊತ್ತೂ ಅಲೆ ಹಿಂದಿನಿಂದ ಬಡಿಯುತ್ತಿರುತ್ತದೆ. ಬೋಟಿನ ಬೆನ್ನು ಅತ್ತಿತ್ತ ತಿರುಗದಂತೆ ಹಿಡಿಯುವುದು ಆ ಹಗ್ಗವೇ. ಕೊನೆಗೆ ಮರಳಿನಿಂದ ಕಿತ್ತು ವಾಪಸ್ಸು ಎಳೆಯುವುದೂ ಅದೇ. ಹಗ್ಗ ಉದ್ದವಿದ್ದರೆ ಲಂಗರು ಮಲಗಿಕೊಂಡು ಮರಳನ್ನು ಕಚ್ಚುತ್ತದೆ. ಹತ್ತಿರ ಬಿಟ್ಟರೆ ಹಗ್ಗ ಮೇಲ್ಮುಖವಾಗಿ ಎಳೆಯುತ್ತದೆ, ಲಂಗರು ಮೂಲಂಗಿಯ ಹಾಗೆ ಕಿತ್ತು ಬರುತ್ತದೆ. ಬೋಟು ಅಲೆಗೆ ಪಕ್ಕೆ ಕೊಟ್ಟು ಅಡ್ಡ ತಿರುಗಿತೆಂದರೆ ಮುಗಿಯಿತು, ಸಮುದ್ರ ಅದನ್ನು ಎತ್ತಿ ಒಗೆಯುತ್ತದೆ.

ಲಂಗರು ಕಚ್ಚಿದೆಯೋ ಇಲ್ಲವೋ ಎಂದು ಹೇಳುವವನು ವಿಂಚಿನವನು. ಅವನು ಹಗ್ಗದ ಮೇಲೆ ಪಾದ ಇಡುತ್ತಾನೆ. ಲಂಗರು ಜಾರುತ್ತಿದ್ದರೆ ಹಗ್ಗ ನಡುಗುತ್ತದೆ, ಕಚ್ಚಿದರೆ ನಡುಕ ನಿಂತು ಬಿಗಿಯಾಗುತ್ತದೆ. ಆಗ ಅವನು "ಕಚ್ತು!" ಎಂದು ಕೂಗಬೇಕು. ಬೇರೆ ಬೋಟುಗಳಲ್ಲಿ ಹಿಂದಿಯಲ್ಲೋ ತಮಿಳಿನಲ್ಲೋ ಕೂಗುತ್ತಿದ್ದರು. ನಮ್ಮಲ್ಲಿ ಕನ್ನಡದವರು ಹೆಚ್ಚಿದ್ದರಿಂದ ಪಂಜಾಬಿಗಳೂ "ಕಚ್ತು" ಅನ್ನುವುದನ್ನು ಕಲಿತಿದ್ದರು. ಆ ಕೂಗು ಬರುವವರೆಗೆ ಚುಕ್ಕಾಣಿ ಹಿಡಿದವನು ಮುಂದಕ್ಕೆ ಹೋಗುವಂತಿಲ್ಲ, ಬೋಟಿನಲ್ಲಿ ಯಾವ ಜನರಲ್ ಕೂತಿದ್ದರೂ ಸರಿ. ಇದನ್ನು ಯಾವ ಪುಸ್ತಕದಲ್ಲೂ ಬರೆದಿರಲಿಲ್ಲ.

ಮೇಲಧಿಕಾರಿಗಳ ವಿಷಯಕ್ಕೆ ಬಂದರೆ, ಒಳ್ಳೆಯವರು ಇರಲಿಲ್ಲವೆಂದಲ್ಲ. ಆದರೆ ಒಳ್ಳೆಯವರು ಬೇಗ ವರ್ಗವಾಗಿ ಹೋಗುತ್ತಿದ್ದರು. ಒಬ್ಬ ಸಾಹೇಬರಿದ್ದರು, ದಡದಲ್ಲಿ ಮೊದಲು ಇಳಿಯುವುದು ತಮ್ಮ ಜೀಪೇ ಆಗಬೇಕೆಂಬ ಹಟ. ಹಾಗಾಗಿ ಅದನ್ನು ಎಲ್ಲಕ್ಕಿಂತ ಕೊನೆಗೆ ಹತ್ತಿಸಿ ಬಾಗಿಲಿನ ಬಾಯಲ್ಲೇ ನಿಲ್ಲಿಸಿದೆವು. ಜೀಪು ವಾರದಿಂದ ಸ್ಟಾರ್ಟ್ ಆಗಿರಲಿಲ್ಲ. ದಡ ಮುಟ್ಟಿ ಬಾಗಿಲು ಬಿಟ್ಟರೆ ಅದು ಕೆಮ್ಮಿ ಸುಮ್ಮನಾಯಿತು. ಹಿಂದೆ ಲಾರಿಗಳ ಸಾಲು, ಮುಂದೆ ಸಾಹೇಬರ ಜೀಪು, ಕೆಳಗೆ ಇಳಿಯುತ್ತಿರುವ ಉಬ್ಬರ. ನಾವು ತಳ್ಳಿ ಇಳಿಸುವಷ್ಟರಲ್ಲಿ ನೀರೆಲ್ಲ ಹಿಂದೆ ಸರಿದು, ಬೋಟು ಒಣ ಮರಳಿನ ಮೇಲೆ ಕುಳಿತುಬಿಟ್ಟಿತ್ತು. ಮತ್ತೆ ನೀರು ಬರುವವರೆಗೆ ಸುತ್ತಮುತ್ತಲ ಜನ ಬಂದು ನಮ್ಮನ್ನು ನೋಡಿಕೊಂಡು ಹೋದರು. ಸಾಹೇಬರು ಬೋಟಿನ ಎಂಜಿನ್ ಸರಿಯಿಲ್ಲ ಎಂದು ವರದಿ ಮಾಡಿದರು. ಕುಣಿಯಲಾರದವಳು ನೆಲ ಡೊಂಕು ಎಂದಳಂತೆ.

ಅವತ್ತು ನಾವು ನಕ್ಕೆವು. ಬಲಬೀರ್ ಸಿಂಗ್ ಎಂಬ ಲಾರಿ ಡ್ರೈವರು ಮರಳಿನ ಮೇಲೇ ಒಲೆ ಹೂಡಿ ಎಲ್ಲರಿಗೂ ಚಹಾ ಮಾಡಿಕೊಟ್ಟ. ಆ ಚಹಾದ ಕೆಟಲು ಹಿಡಿದು ಎಲ್ಲರಿಗೂ ಸುರಿದು ಕೊಟ್ಟವನು ಯಲ್ಲಪ್ಪ. ಈ ಇಬ್ಬರ ಹೆಸರನ್ನು ನೆನಪಿಟ್ಟುಕೊಳ್ಳಿ.

ಯಲ್ಲಪ್ಪ ಬಾಗಲಕೋಟೆಯ ಕಡೆಯವನು, ನಮ್ಮಲ್ಲಿದ್ದ ವಿಂಚಿನವರಲ್ಲೇ ಗಟ್ಟಿಗ. ಬಲಬೀರನಿಗೂ ಅವನಿಗೂ ಒಬ್ಬರ ಮಾತು ಇನ್ನೊಬ್ಬರಿಗೆ ಸರಿಯಾಗಿ ಅರ್ಥವಾಗುತ್ತಿರಲಿಲ್ಲ, ಆದರೂ ಊಟಕ್ಕೆ ಜೊತೆಗೇ ಕೂರುತ್ತಿದ್ದರು.

ಆಮೇಲೊಂದು ದಿನ ದೊಡ್ಡ ಪ್ರದರ್ಶನವಿತ್ತು. ದಡದಲ್ಲಿ ಶಾಮಿಯಾನ, ಸೋಫಾ, ಅತಿಥಿಗಳು. ಮೊದಲ ಬೋಟಿನ ಚುಕ್ಕಾಣಿಯನ್ನು ಹೊಸದಾಗಿ ಬಂದಿದ್ದ ಅಧಿಕಾರಿಯೇ ಹಿಡಿದರು, ಫೋಟೋ ಚೆನ್ನಾಗಿ ಬರಲಿ ಎಂದು. ಆ ಬೋಟಿನ ವಿಂಚಿನಲ್ಲಿ ಯಲ್ಲಪ್ಪ, ಲಾರಿಯಲ್ಲಿ ಬಲಬೀರ್. ಎರಡನೇ ಬೋಟು ನನ್ನದು, ಸ್ವಲ್ಪ ಹಿಂದೆ ಕಾಯುತ್ತಿದ್ದೆ.

ದೂರದಲ್ಲಿ ಲಂಗರು ಬಿಟ್ಟರೆ ನಿಧಾನಕ್ಕೆ ಹೋಗಬೇಕಾಗುತ್ತದೆ, ನೋಡುವವರಿಗೆ ಬೇಸರ. ಅಧಿಕಾರಿ ಜೋರಾಗಿ ನುಗ್ಗಿಸಿದರು. ಲಂಗರು ಬಿಡಬೇಕಾದ ಜಾಗ ದಾಟಿತು, ಇನ್ನೂ ಅಪ್ಪಣೆ ಬರಲಿಲ್ಲ. ಯಲ್ಲಪ್ಪ ಎರಡು ಸಲ ಕೈಯೆತ್ತಿ ಕೂಗಿದ್ದನ್ನು ನಾನು ಕಣ್ಣಾರೆ ಕಂಡೆ. ಅಲೆ ಒಡೆಯುವ ಹತ್ತಿರ ಬಂದಾಗ ಅಪ್ಪಣೆ ಬಂತು, ಲಂಗರು ಬಿತ್ತು. "ಕಚ್ತು" ಎಂಬ ಕೂಗು ಬರಲೇ ಇಲ್ಲ. ಕಚ್ಚದ ಲಂಗರನ್ನು ಕಚ್ಚಿತು ಎನ್ನಲು ಅವನಿಗೆ ಬರುತ್ತಿರಲಿಲ್ಲ. ಅಧಿಕಾರಿ ಕಾಯಲಿಲ್ಲ. ದಡಕ್ಕೆ ಹೊಡೆದು ಬಾಗಿಲು ಬಿಟ್ಟರು, ಚಪ್ಪಾಳೆ ಬಿತ್ತು, ಬಲಬೀರನ ಲಾರಿ ಬಾಗಿಲಿನ ಮೇಲೆ ಅರ್ಧ ಬಂದಿತ್ತು. ಆಗ ದೊಡ್ಡ ಅಲೆಯೊಂದು ಬಂತು. ಬೋಟಿನ ಬೆನ್ನು ತಿರುಗಿತು. ಯಲ್ಲಪ್ಪ ಹಗ್ಗ ಎಳೆದು, ವಿಂಚಿನ ಬ್ರೇಕಿಗೆ ಮೈಯನ್ನೇ ಹಾಕಿದ. ಲಂಗರು ಕಿತ್ತು ಬಂತು, ಬಾಗಿಲು ತಿರುಚಿತು, ಲಾರಿ ಮಗುಚಿ ನೀರಿಗೆ ಬಿತ್ತು. ಬಲಬೀರನನ್ನು ಹೊರಗೆ ತೆಗೆದಾಗ ಅವನ ಉಸಿರು ನಿಂತಿತ್ತು. ಯಲ್ಲಪ್ಪನ ಬಲಗೈಯ ಎರಡು ಬೆರಳು ವಿಂಚಿನಲ್ಲಿ ಹೋಗಿದ್ದವು. ಅದು ಅವನಿಗೆ ಗೊತ್ತಾದದ್ದು ಬಹಳ ಹೊತ್ತಿನ ಮೇಲೆ.

ವಿಚಾರಣೆಯಾಯಿತು. ವಿಂಚಿನವನು ಸಮಯಕ್ಕೆ ಸರಿಯಾಗಿ ಹಗ್ಗ ಎಳೆಯಲಿಲ್ಲ, ಅವನ ಅಜಾಗರೂಕತೆಯೇ ಕಾರಣ ಎಂದು ತೀರ್ಮಾನವಾಯಿತು. ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ. ನಾನು ಕಂಡದ್ದನ್ನು ಕಂಡ ಹಾಗೇ ಹೇಳಿದೆ. ಅಷ್ಟು ದೂರದಿಂದ ಕಂಡದ್ದು ಬರೀ ಅಂದಾಜು ಎಂದರು. ಯಲ್ಲಪ್ಪನನ್ನು ಮನೆಗೆ ಕಳಿಸಿದರು. ಊರಲ್ಲಿ ಅವನಿಗೆ "ಡ್ರೈವರನ್ನ ಮುಳುಗಿಸಿದಾವ" ಎಂಬ ಹೆಸರು ಬಂತು. ಹೆಸರಿನ ಕಾಟ ತಡೆಯದೆ ಹೆಂಡತಿಯನ್ನು ಕರೆದುಕೊಂಡು ಬೊಮ್ಮಸಂದ್ರಕ್ಕೆ ಬಂದು, ಔಷಧಿ ಕಾರ್ಖಾನೆಯೊಂದರ ಗೇಟಿನಲ್ಲಿ ಸೆಕ್ಯುರಿಟಿಯಾದ. ಒಂದೇ ಕೋಣೆಯ ಬಾಡಿಗೆ ಮನೆ. ನಾನು ನಿವೃತ್ತನಾಗಿ ಊರಿಗೆ ಬಂದ ಮೇಲೆ ಆಗಾಗ ಹೋಗಿ ಬರುತ್ತಿದ್ದೆ. ಆ ದಿನದ ಮಾತು ಬಂದಾಗಲೆಲ್ಲ ಅವನು ಹೇಳುತ್ತಿದ್ದುದು ಒಂದೇ: "ನಾ ಹಿಡಿದಿದ್ನಿರಿ ಸಾಹೇಬ್ರ. ದೇವರಾಣಿ ಹಿಡಿದಿದ್ನಿ." ಅವನು ನೆಟ್ಟಗೆ ನಡೆಯುತ್ತಿದ್ದದ್ದು ಆ ಒಂದು ಮಾತಿನ ಬಲದ ಮೇಲೆ.

ಇನ್ನು ನನ್ನ ಎರಡನೇ ನೌಕರಿಯ ಕತೆ. ವೈಟ್‌ಫೀಲ್ಡಿನ ಒಂದು ಕಂಪನಿಯವರು ಬೋಟಿನವರಿಗೆ ತರಬೇತಿ ಕೊಡುವ ಯಂತ್ರ ಮಾಡುತ್ತಿದ್ದರು. ಕೋಣೆ ತುಂಬ ಪರದೆ, ಪರದೆ ತುಂಬ ಸಮುದ್ರ. ನಿಜವಾದ ಚುಕ್ಕಾಣಿ, ನಿಜವಾದ ವಿಂಚಿನ ಹಿಡಿಕೆ. ನೀರು ಮಾತ್ರ ಸುಳ್ಳು. ಸಮುದ್ರ ಕಂಡವನೊಬ್ಬ ಬೇಕೆಂದು ನನ್ನನ್ನು ಕರೆದರು. ಏಳನೇ ಮಹಡಿಯ ಎ.ಸಿ.ಯಲ್ಲಿ ಸ್ವೆಟರ್ ಹಾಕಿಕೊಂಡು ಕೂತು, ಅಲೆ ಹೇಗೆ ಬರುತ್ತದೆ, ಮರಳು ಹೇಗೆ ಹಿಡಿಯುತ್ತದೆ ಎಂದು ಹೇಳುವುದು ನನ್ನ ಕೆಲಸವಾಗಿತ್ತು. ಮೊದಮೊದಲು ಇಷ್ಟವಾಯಿತು ಎಂದು ಒಪ್ಪಿಕೊಳ್ಳುತ್ತೇನೆ. ಹಳೆಯ ಪದ್ಧತಿಯಲ್ಲಿ ತಪ್ಪು ಮಾಡಿದವನ ಕೈಕಾಲು ಮುರಿಯುತ್ತಿತ್ತು, ಇಲ್ಲಿ ಪರದೆ ಕೆಂಪಾಗುತ್ತದೆ, ಅಷ್ಟೆ. ಇದರಿಂದ ನಾಲ್ಕು ಜೀವ ಉಳಿದೀತು ಅನ್ನಿಸಿತ್ತು.

ಲಂಗರಿನ ಲೆಕ್ಕವನ್ನೆಲ್ಲ ಬರೆಯುತ್ತಿದ್ದವಳು ಶ್ರುತಿ ಎಂಬ ಹುಡುಗಿ. ಜಾಣೆ, ಒಂದು ಮಾತು ಹೇಳಿದರೆ ಹತ್ತು ಪ್ರಶ್ನೆ ಕೇಳುತ್ತಿದ್ದಳು. ಅವಳ ಮೇಲಿನವನು ಪ್ರದೀಪ್, ಎಲ್ಲದಕ್ಕೂ "ನೋಡೋಣ ಸಾರ್" ಎನ್ನುವ ಮನುಷ್ಯ.

ಯಂತ್ರದ ಗಿರಾಕಿಗಳು ಸೇನೆಯವರೇ, ಅವರು ಹಳೆಯ ಅಪಘಾತಗಳ ವರದಿ ಕೊಟ್ಟಿದ್ದರು, ಅವನ್ನೇ ಪಾಠ ಮಾಡಬೇಕಿತ್ತು. ಒಂದು ಬೆಳಿಗ್ಗೆ ಶ್ರುತಿ ಹೊಸ ಪಾಠ ತೋರಿಸಿದಳು. ಪರದೆಯ ಮೇಲೆ ದಡ ಮೂಡಿತು. ಎಡಕ್ಕೆ ಕಪ್ಪು ಬಂಡೆ, ಬಲಕ್ಕೆ ಬಾಗಿದ ತೆಂಗು. ಬಲಬೀರ್ ಸತ್ತದ್ದು ಇಲ್ಲೇ. ಅದೇ ದಡ. ಪಾಠದ ಹೆಸರು "ವಿಂಚಿನವನ ತಪ್ಪು". ಲಂಗರು ಬಿದ್ದ ಜಾಗವನ್ನು ವರದಿಯಲ್ಲೇ ಸರಿಯಾಗಿ ಬರೆದಿದ್ದರು, ಅದರ ಅರ್ಥ ಮಾತ್ರ ಯಾರಿಗೂ ಬೇಕಿರಲಿಲ್ಲ.

ನಾನೇ ವಿಂಚಿಗೆ ಕೂತೆ. ಸಮಯಕ್ಕೆ ಸರಿಯಾಗಿ ಎಳೆದೆ. ಬೋಟು ಅಡ್ಡ ತಿರುಗಿತು. ಬೇಗ ಎಳೆದೆ, ತಡವಾಗಿ ಎಳೆದೆ, ಬಿಟ್ಟು ಬಿಟ್ಟು ಎಳೆದೆ. ಪ್ರತಿ ಸಲವೂ ತಿರುಗಿತು. ಆಮೇಲೆ ಲಂಗರನ್ನು ದೂರ ಬಿಡಿಸಿ ಎಳೆದೆ. ಬೋಟು ಬೆಣ್ಣೆಯಿಂದ ಕೂದಲು ತೆಗೆದಷ್ಟು ಸಲೀಸಾಗಿ ಹಿಂದೆ ಬಂತು.

ಶ್ರುತಿ ಪರದೆಯನ್ನೇ ನೋಡುತ್ತಿದ್ದಳು. "ಸಾರ್, ಹಾಗಾದ್ರೆ ವಿಂಚ್‌ನವ್ರು ಏನ್ ಮಾಡಿದ್ರೂ ಉಳೀತಿರ್ಲಿಲ್ಲ ಅಲ್ವಾ? ತಪ್ಪು ಅವ್ರದ್ದಲ್ವೇ ಅಲ್ಲ."

"ಅಲ್ಲ ಕಣಮ್ಮ" ಅಂದೆ. ಎಷ್ಟೋ ವರ್ಷ ಯಾರ ಬಾಯಿಂದಲೂ ಬರದ ಮಾತು ಒಂದು ಯಂತ್ರದಿಂದ ಬಂದಿತ್ತು. ನನಗೆ ಅಳು ಬಂತು, ಕನ್ನಡಕ ಒರೆಸುವ ನೆಪ ಮಾಡಿದೆ.

ಯಲ್ಲಪ್ಪನಿಗೆ ಫೋನು ಮಾಡಿದೆ. ವಾರದ ರಜೆಯ ದಿನ ಬೊಮ್ಮಸಂದ್ರದಿಂದ ಬಸ್ಸು ಬದಲಿಸಿ ಬದಲಿಸಿ ಬಂದ, ಇಸ್ತ್ರಿ ಮಾಡಿದ ಅಂಗಿ ಹಾಕಿಕೊಂಡು. ಗೇಟಿನ ಸೆಕ್ಯುರಿಟಿಯವನಿಗೆ ತಾನೇ ಮೊದಲು ಸಲ್ಯೂಟ್ ಹೊಡೆದ. ಶ್ರುತಿ ಅವನನ್ನು ವಿಂಚಿನ ಮುಂದೆ ಕೂರಿಸಿದಳು. ಮೂರೇ ಬೆರಳಿನ ಕೈ ಹಿಡಿಕೆಯನ್ನು ಹುಡುಕಿ ಹಿಡಿಯಿತು. ಹತ್ತಿರದ ಲಂಗರಿನಲ್ಲಿ ಬೋಟು ತಿರುಗಿತು. ಅವನು ಮತ್ತೆ ಹಿಡಿದ, ಮತ್ತೆ ತಿರುಗಿತು. ಸಾಕೆಂದರೂ ಬಿಡಲಿಲ್ಲ. ಕೊನೆಗೆ ಶ್ರುತಿ ಲಂಗರನ್ನು ದೂರಕ್ಕೆ ಹಾಕಿದಳು. ಹಗ್ಗದ ನಡುಕ ತೋರಿಸುವ ಹಿಡಿಕೆ ಅವನ ಅಂಗೈಯಲ್ಲಿ ನಡುಗುವುದು ನಿಂತಿತು. ಅವನು ಎದ್ದು ನಿಂತು, "ಕಚ್ತು!" ಎಂದು ಕೂಗಿದ. ಇಡೀ ಮಹಡಿಯ ಜನ ತಿರುಗಿ ನೋಡಿದರು.

"ಕಂಡ್ರಿಲ್ರೀ ಸಾಹೇಬ್ರ? ನಾ ಹಿಡಿದಿದ್ನಿ" ಎಂದ. ಆಮೇಲೆ ಮೆಲ್ಲಗೆ, "ಇದನ್ನ ದೊಡ್ಡಾವ್ರು ಯಾರರ ನೋಡಿದ್ರ ಛಲೋ ಆಕ್ಕಿತ್ರೀ" ಎಂದ.

ಅದಕ್ಕೆ ಅವಕಾಶವೂ ಇತ್ತು. ಯಂತ್ರವನ್ನು ಒಪ್ಪಿಸಿಕೊಳ್ಳಲು ಅಧಿಕಾರಿಗಳು ಬರುವವರಿದ್ದರು, ಒಂದೊಂದು ಪಾಠವನ್ನೂ ಓಡಿಸಿ ನೋಡುವವರಿದ್ದರು. ನಾನು ಪ್ರದೀಪನ ಹತ್ತಿರ ಹೋಗಿ ಇದ್ದದ್ದನ್ನು ಇದ್ದ ಹಾಗೆ ಹೇಳಿದೆ. ಪಾಠದ ಹೆಸರು ಬದಲಿಸಿ, ಲಂಗರು ಬಿಟ್ಟ ಜಾಗದ ತಪ್ಪು ಅಂತ ಮಾಡಿ ಅಂದೆ.

"ಸಾರ್, ಎಮೋಷನಲ್ ಆಗ್ಬೇಡಿ. ರಿಪೋರ್ಟ್ ಅವ್ರು ಕೊಟ್ಟಿದ್ದು."

"ರಿಪೋರ್ಟ್ ಅಂಗೆ ಹೇಳ್ತದೆ, ನಿಮ್ಮ ಯಂತ್ರ ಇಂಗೆ ಹೇಳ್ತದೆ. ಯಾವ್ದು ನಿಜ ಅಂತ ಅವ್ರೇ ನೋಡ್ಲಿ ಬಿಡಪ್ಪ."

"ನೋಡೋಣ ಸಾರ್" ಎಂದ.

ಅಧಿಕಾರಿಗಳು ಬಂದ ದಿನ ಯಲ್ಲಪ್ಪನನ್ನೂ ಕರೆಸಿದ್ದೆ. ಒಳಗೆ ಬಿಡಲಿಲ್ಲ. ಕೆಳಗೆ ರಿಸೆಪ್ಷನ್‌ನಲ್ಲಿ ಕೂರಿಸಿದರು. ಅಲ್ಲಿನ ದೊಡ್ಡ ಟೀವಿಯಲ್ಲಿ ಮೇಲಿನ ಪ್ರದರ್ಶನವನ್ನೇ ತೋರಿಸುತ್ತಿದ್ದರು. ಒಳ್ಳೆಯದೇ ಆಯಿತು, ಅವನೂ ನೋಡಲಿ ಎಂದುಕೊಂಡೆ.

ಆ ಪಾಠ ಬಂತು. ಕಪ್ಪು ಬಂಡೆ, ಬಾಗಿದ ತೆಂಗು. ಅಧಿಕಾರಿಗಳ ಜೊತೆ ಬಂದಿದ್ದ ಒಬ್ಬ ತರುಣ ಸೈನಿಕ ವಿಂಚಿಗೆ ಕೂತ. ಮೊದಲ ಸಲ ತಡವಾಗಿ ಎಳೆದ, ಬೋಟು ತಿರುಗಿತು, ಲಾರಿ ಮಗುಚಿತು. ಎರಡನೇ ಸಲ ಅಲೆ ಬರುವ ಮೊದಲೇ ಎಳೆದ. ನಾನು ಬೋಟು ತಿರುಗುವುದನ್ನೇ ಕಾಯುತ್ತಿದ್ದೆ. ಅದು ತಿರುಗಲಿಲ್ಲ. ಅದೇ ಹತ್ತಿರದ ಲಂಗರು, ಅದೇ ಗಿಡ್ಡ ಹಗ್ಗ. ಬೋಟು ನೆಟ್ಟಗೆ ಹಿಂದೆ ಬಂತು. ಪರದೆ ಹಸಿರಾಯಿತು. ಎಲ್ಲರೂ ಚಪ್ಪಾಳೆ ತಟ್ಟಿದರು. ಶ್ರುತಿ ತಲೆ ಬಗ್ಗಿಸಿಕೊಂಡು ನಿಂತಿದ್ದಳು.

ನಾನು ಎದ್ದು ನಿಂತು ಹೇಳಿದೆ, ಇದು ಸುಳ್ಳು, ಹೋದ ತಿಂಗಳು ಇದೇ ಯಂತ್ರ ಬೇರೆ ಹೇಳಿತ್ತು, ಇದನ್ನು ನಂಬಿ ಹುಡುಗರು ಲಂಗರನ್ನು ಹತ್ತಿರ ಬಿಟ್ಟರೆ ಸಾಯುತ್ತಾರೆ ಎಂದು. ಬಂದಿದ್ದ ಹಿರಿಯ ಅಧಿಕಾರಿ ನನ್ನ ಭುಜ ತಟ್ಟಿ, ನಿಮ್ಮ ಕಾಲದ ಬೋಟುಗಳೇ ಬೇರೆ ಎಂದರು. ಪ್ರದೀಪ್ ಎಲ್ಲರನ್ನೂ ಊಟಕ್ಕೆ ಕರೆದುಕೊಂಡು ಹೋದ.

ಶ್ರುತಿಯನ್ನು ಕೇಳಿದೆ. "ಪ್ರದೀಪ್ ಅವ್ರು ಅದನ್ನ ಬಗ್, ಪ್ರೋಗ್ರಾಮ್‌ನ ದೋಷ ಅಂತ ಹಾಕ್ಬಿಟ್ರು ಸಾರ್. ಸರಿಯಾಗಿ ಎಳೆದ್ರೂ ಪಾಠ ಪಾಸ್ ಆಗ್ತಿಲ್ಲ, ಅದು ತಪ್ಪು ಅಂತ. ಆ ಒಂದು ಪಾಠದಲ್ಲಿ ಲಂಗರು ಜಾಸ್ತಿ ಕಚ್ಚೋ ಥರ ಮಾಡ್ಸಿದ್ರು. ಮಾಡಿದ್ದು ನಾನೇ ಸಾರ್. ನಿಮ್ಗೆ ಹೇಳ್ಬಾರ್ದು ಅಂದಿದ್ರು." ಅವಳು ಅತ್ತಳು. ನನಗೆ ಅವಳ ಮೇಲೆ ಸಿಟ್ಟು ಮಾಡಲೂ ಆಗಲಿಲ್ಲ, ಸಮಾಧಾನ ಹೇಳಲೂ ಆಗಲಿಲ್ಲ. ಆ ಸಂಜೆಯೇ ಕೆಲಸ ಬಿಟ್ಟೆ. ಯಾರೂ ತಡೆಯಲಿಲ್ಲ. ಹೊಳೆ ದಾಟಿದ ಮೇಲೆ ಅಂಬಿಗನ ಹಂಗೇನು?

ಆದರೆ ಇದನ್ನೆಲ್ಲ ಬರೆಯಲು ಕೂತದ್ದು ಕಂಪನಿಯನ್ನು ಬೈಯುವುದಕ್ಕಲ್ಲ. ಕೆಳಗೆ ಇಳಿದು ಬಂದಾಗ ಯಲ್ಲಪ್ಪ ಟೀವಿಯ ಮುಂದೆ ನಿಂತೇ ಇದ್ದ. ಅದರಲ್ಲಿ ಆಗಲೇ ಕಂಪನಿಯ ಜಾಹೀರಾತು ಓಡುತ್ತಿತ್ತು.

"ನೋಡಿದ್ನಿರಿ" ಎಂದ. "ಬೋಟ ಬಂತಲ್ರೀ ಸಾಹೇಬ್ರ."

"ಅದು ಮೋಸ ಯಲ್ಲಪ್ಪ. ಯಂತ್ರಾನ ತಿರುಚವ್ರೆ. ಆ ಹುಡುಗೀನೇ ಒಪ್ಕಂಡ್ಳು."

ಅವನು ತಲೆಯಾಡಿಸಿದ. ಸಾವಿನ ಮನೆಯಲ್ಲಿ ಸಮಾಧಾನ ಹೇಳುವವರ ಮಾತಿಗೆ ತಲೆಯಾಡಿಸುತ್ತಾರಲ್ಲ, ಹಾಗೆ. "ಆ ಹುಡುಗ ಅಲಿ ಬರೂಕಿಂತ ಮೊದಲ ಎಳದ್ರೀ. ನಾ ಅಲಿ ಬಂದ ಮ್ಯಾಲ ಎಳದಿದ್ನಿ" ಎಂದ.

ಬಸ್ ಸ್ಟಾಪಿನವರೆಗೂ ಹೇಳುತ್ತಾ ಹೋದೆ. ಲಂಗರು, ಹಗ್ಗ, ಅಧಿಕಾರಿ, ಶ್ರುತಿ, ಎಲ್ಲವನ್ನೂ. ಅವನು ಹೂಂ ಹೂಂ ಎಂದ. ಬಸ್ಸು ಬಂತು, ಹತ್ತಿದ. ಅವನಿಗೆ ಒಳ್ಳೆಯದು ಮಾಡಲು ಹೋಗಿ, ಅವನಲ್ಲಿ ಉಳಿದಿದ್ದ ಒಂದೇ ಒಂದು ಮಾತನ್ನೂ ಆ ಅಧಿಕಾರಿಗಳ ಕೈಗೆ ಕೊಟ್ಟು ಬಂದಂತಾಯಿತು.

ಈ ಕೆಲಸಕ್ಕೆ ಹೋಗುವ ಮಕ್ಕಳೇ, ನಿಮ್ಮನ್ನೂ ಆ ಕೋಣೆಯಲ್ಲಿ ಕೂರಿಸುತ್ತಾರೆ. ಕಪ್ಪು ಬಂಡೆ, ಬಾಗಿದ ತೆಂಗು ಇರುವ ಪಾಠ ಬರುತ್ತದೆ. ಪರದೆ ಹಸಿರಾದರೆ ನಂಬಬೇಡಿ. ನಿಜವಾದ ನೀರಿಗೆ ಇಳಿದಾಗ ಲಂಗರನ್ನು ದೂರ ಬಿಡಿ, ಹಗ್ಗದ ಮೇಲೆ ಪಾದ ಇಡಿ, "ಕಚ್ತು" ಎಂಬ ಕೂಗು ಬರುವವರೆಗೆ ಯಾರು ಹೇಳಿದರೂ ಮುಂದಕ್ಕೆ ಹೋಗಬೇಡಿ.

ಯಲ್ಲಪ್ಪನಿಗೆ ಈಗಲೂ ಫೋನು ಮಾಡುತ್ತೇನೆ. ಮಳೆ, ಊಟ, ಮೊಣಕಾಲು ನೋವು, ಎಲ್ಲ ಮಾತಾಡುತ್ತಾನೆ. "ನಾ ಹಿಡಿದಿದ್ನಿ" ಎಂಬ ಮಾತನ್ನು ಮಾತ್ರ ಅವತ್ತಿನಿಂದ ಒಮ್ಮೆಯೂ ಆಡಿಲ್ಲ. ಫೋನು ಇಡುವ ಮುಂಚೆ ಕೇಳುತ್ತಾನೆ: "ಸಾಹೇಬ್ರ, ಎಷ್ಟು ಮೊದಲ ಎಳೀಬೇಕಿತ್ರೀ ನಾ?"